ಚರ್ಮದ ರಟ್ಟಿನ ಡಿಕ್ಷನರಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಎಂಬತ್ತಾರೋ ಎಂಬತ್ತೇಳೋ, ಸರಿಯಾಗಿ ಹೇಳಲಾರೆ. ಮಳೆ ಬಂದದ್ದು ಮಾತ್ರ ಖಾತ್ರಿ.

ನಾನಾಗ ಚಿಕ್ಕೋಡಿಯಲ್ಲಿ ಬಿ.ಎ. ಕೊನೆಯ ವರ್ಷ. ಅಪ್ಪ ತೀರಿಕೊಳ್ಳುವ ಮೊದಲು ಮಿರಜಿನ ರದ್ದಿ ಅಂಗಡಿಯಿಂದ ಹಳೇ ಇಂಗ್ಲಿಷ್ ಡಿಕ್ಷನರಿಯೊಂದನ್ನು ತಂದುಕೊಟ್ಟಿದ್ದ. ಪದಗಳ ಹಿಂದಿನ ಕಾಲದ ಅರ್ಥಗಳೂ ಅದರಲ್ಲಿದ್ದವು. ರಟ್ಟು ಚರ್ಮದ್ದು. ನಮ್ಮದು ಜೈನರ ಮನೆ. ಚರ್ಮ ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಡಿಕ್ಷನರಿ ಹೊರಗಿನ ಕಟ್ಟೆಯ ಮೇಲಿರುತ್ತಿತ್ತು. ಅಲ್ಲೇ ಓದಿ, ಕೈ ತೊಳೆದು ಒಳಗೆ ಹೋಗುತ್ತಿದ್ದೆ.

ಸಿಲ್ಲಿ ಅಂದರೆ ಒಂದು ಕಾಲಕ್ಕೆ ಪುಣ್ಯವಂತ. ಆಮೇಲೆ ಅಯ್ಯೋ ಪಾಪ ಅನ್ನಿಸುವವ, ಕೊನೆಗೆ ದಡ್ಡ. ಈಗ ಜಿಂಕೆಗೆ ಹೇಳುವ ಡಿಯರ್ ಅಂದರೆ ಆಗ ಯಾವ ಪ್ರಾಣಿಯಾದರೂ ಸರಿ. ಇಂಥವನ್ನು ಹುಡುಕಿ ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಬರೆಯುತ್ತಿದ್ದೆ. ಇಂಗ್ಲಿಷ್ ಸರ್ ಅದನ್ನು ನೋಡಿ, ಎಂ.ಎ.ಗೆ ಧಾರವಾಡಕ್ಕೆ ಹೋಗು, ಈ ಟಿಪ್ಪಣಿ ತೋರಿಸಿ ನಿಮ್ಮ ಮನೆಯವರನ್ನು ನಾನೇ ಒಪ್ಪಿಸುತ್ತೇನೆ ಅಂದಿದ್ದರು.

ಒಂದು ಸಂಜೆ ಅಜ್ಜಿಗೆ, ಗರ್ಲ್ ಅಂದರೆ ಮೊದಲು ಗಂಡಾಗಲಿ ಹೆಣ್ಣಾಗಲಿ, ಯಾವ ಮಗುವಾದರೂ ಸರಿ ಅಂತ ಹೇಳಿದೆ.

“ಹಂಗಾರ ನಿನ್ನ ಕಾಕಾನೂ ಒಂದ್ ಕಾಲಕ್ಕ ಗರ್ಲ್ ಇದ್ದ ಅನ್ನು.”

ಅಪ್ಪನ ನಂತರ ಮನೆ ನಡೆಸುತ್ತಿದ್ದ ಅವನ ತಮ್ಮ, ಕಾಕಾ, ನಗಲಿಲ್ಲ. “ನಗ್ರಿ. ನಾಳೆ ಈಕಿ ಧಾರವಾಡಕ್ಕ ಹೊಂಟ ನಿಂತಾಗ ಅಳಾವ್ರೂ ನೀವ.”

ದಶಲಕ್ಷಣ ಪರ್ವ ಬಂತು. ಅಜ್ಜಿಗೆ ಉಪವಾಸ. “ಹತ್ತ ದಿನಾ ಆ ಚರ್ಮಾ ಕಟ್ಟಿ ಮ್ಯಾಲೂ ಬ್ಯಾಡ,” ಅಂದ ಕಾಕಾ. ಡಿಕ್ಷನರಿ ಹಿತ್ತಲ ಗೋಡೆಯ ಮೇಲೆ ಹೋಯಿತು. ಅವನೇ ಒಯ್ದಿಟ್ಟ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅವನು ಬರೀ ಹೇಳಿದ, ಒಯ್ದಿಟ್ಟವಳು ನಾನೇ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಹಾಗಿದ್ದರೆ ಒಂದು ಗೋಣಿಚೀಲವನ್ನಾದರೂ ಯಾಕೆ ಹೊದಿಸಲಿಲ್ಲ?

ಮರುದಿನ ಕಾಲೇಜಿನಿಂದ ಬರುವಷ್ಟರಲ್ಲಿ ಮಳೆ ಹೊಡೆದು ಹೋಗಿತ್ತು. ಹಾಳೆಗಳು ಉಬ್ಬಿ ಒಂದೇ ಮುದ್ದೆ. ಬಿಡಿಸಲು ಹೋದರೆ ಅಂಚುಗಳೇ ಹರಿದು ಬಂದವು. ಮುಂದಿನ ಕಟ್ಟೆಯ ಮೇಲೆ, ಸೂರಿನ ಕೆಳಗೆ, ಕಾಕಾನ ಅಥಣಿಯ ಚರ್ಮದ ಚಪ್ಪಲಿಗಳು ಒಂದು ಹನಿಯೂ ಬೀಳದೆ ಜೋಡಿಯಾಗಿ ಕೂತಿದ್ದವು.

ಸರ್‌ಗೆ ಮನೆಗೆ ಬರಬೇಡಿ ಅಂದೆ. ತೋರಿಸಲು ಏನಿತ್ತು? ಬಿ.ಎ. ಮುಗಿದ ಮೇಲೆ ರಾಯಬಾಗದ ಕಡೆ ಮದುವೆ ಮಾಡಿಕೊಟ್ಟರು. ಹತ್ತು ವರ್ಷದ ನಂತರ ಅಂಚೆಯಲ್ಲಿ ಬರುವ ಪಾಠ ಓದಿ ಎಂ.ಎ. ಮಾಡಿದೆ. ಪೇಢೆ ಹಂಚಲು ತವರಿಗೆ ಹೋದಾಗ ಕಾಕಾ ಎರಡು ತಿಂದ. “ನಮ್ಮ ಹುಡುಗಿ ಮೊದಲಿಂದ ಶ್ಯಾಣೆ,” ಅಂತ ಬಂದವರಿಗೆಲ್ಲ ಹೇಳಿದ. ಚಪ್ಪಲಿ ಕಟ್ಟೆಯ ಮೇಲೇ ಇದ್ದವು. ಅವನ್ನು ಮೆಟ್ಟಿ ಹೊರಟವನನ್ನು ತಡೆದು ಕೇಳಿದೆ:

“ಕಾಕಾ, ಆ ಹತ್ತ ದಿನಾ ನಿಮ್ಮ ಚಪ್ಪಲಿ ಯಾಕ ಕಟ್ಟಿ ಮ್ಯಾಲ ಇದ್ದುವ್ರಿ?”