ಕಿಲ್ಲರ್ ಗಾಡಿಯ ಪಾಳಿ

ಕಿಲ್ಲರ್ ಎಂಬ ಇಂಗ್ಲಿಷ್ ಶಬ್ದ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮ ದಾಂಡೇಲಿಯಲ್ಲಿ ಅದು ನಗುವಿನ ಮಾತು. ಹೊಸ ಅಂಗಿ ತೊಟ್ಟು ಬಂದ ಹುಡುಗನಿಗೆ ಗೆಳೆಯರು 'ಕಿಲ್ಲರ್ ಕಾಣಾಕತ್ತೀಯಲೇ' ಅನ್ನುತ್ತಾರೆ. ಕುಳಗಿ ರಸ್ತೆಯಲ್ಲಿ ರೆಸಾರ್ಟಿನವರೊಬ್ಬರು ಮಳೆಗಾಲದ ರಿಯಾಯಿತಿಗೆ 'ಕಿಲ್ಲರ್ ಆಫರ್' ಎಂದು ಬೋರ್ಡು ಕಟ್ಟಿದ್ದನ್ನೂ ನೋಡಿದ್ದೇನೆ. ಕೊಲ್ಲುವವನು ಎಂಬ ಅರ್ಥ ಆಗ ಯಾರ ತಲೆಯಲ್ಲೂ ಇರುವುದಿಲ್ಲ. ಅದೇ ಶಬ್ದವನ್ನು ನನ್ನ ತಮ್ಮನಿಗೆ ಹಚ್ಚಿದಾಗ ಮಾತ್ರ ಅರ್ಥ ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು.

ಅಪ್ಪ ಧಾರವಾಡ ಕಡೆಯಿಂದ ಪೇಪರ್ ಮಿಲ್ಲಿನ ಕೆಲಸಕ್ಕೆ ಬಂದವನು. ನನ್ನ ತಮ್ಮ ಮಿಲ್ಲಿನ ದಾರಿ ಹಿಡಿಯದೆ ಟ್ರ್ಯಾಕ್ಸ್ ಜೀಪು ಕೊಂಡು ದಾಂಡೇಲಿ–ಹಳಿಯಾಳ ನಡುವೆ ಪ್ಯಾಸೆಂಜರ್ ಹೊಡೆಯುತ್ತಿದ್ದ. ಕಬ್ಬಿನ ಹಂಗಾಮಿನ ಒಂದು ಮಧ್ಯಾಹ್ನ ಸಾಂಬ್ರಾಣಿ ಹತ್ತಿರ ಕಬ್ಬಿನ ಟ್ರ್ಯಾಕ್ಟರೊಂದು ಎದುರಿನಿಂದ ಬರುತ್ತಿತ್ತು. ಅದನ್ನು ಹಿಂದೆ ಹಾಕಲು ನುಗ್ಗಿದ ಬೈಕಿನ ಹುಡುಗ ನೇರವಾಗಿ ತಮ್ಮನ ಗಾಡಿಗೆ ಬಂದು ಬಡಿದ. ಇಂಥ ಹೊತ್ತಿನಲ್ಲಿ ಡ್ರೈವರುಗಳು ಏಟಿಗೆ ಹೆದರಿ ಗಾಡಿ ಬಿಟ್ಟು ಓಡುತ್ತಾರೆ. ತಮ್ಮ ಓಡಲಿಲ್ಲ. ಕೂಡಿದ ಮಂದಿ ಮೊಬೈಲು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದಾಗ ಇವನು ಹುಡುಗನನ್ನು ಎತ್ತಿ ಸೀಟಿನ ಮೇಲೆ ಮಲಗಿಸಿ ಹಳಿಯಾಳದ ಆಸ್ಪತ್ರೆಗೆ ಹೊರಟ. ಹುಡುಗ ದಾರಿಯಲ್ಲೇ ತೀರಿಕೊಂಡ. ಮುಂದೆ ಕೋರ್ಟಿನಲ್ಲಿ ತಮ್ಮನದು ತಪ್ಪಿಲ್ಲ ಎಂದಾಯಿತು.

ಕೋರ್ಟು ಬಿಟ್ಟರೂ ಗಾಡಿ ಸ್ಟ್ಯಾಂಡಿನ ಮಂದಿ ಬಿಡಬೇಕಲ್ಲ. 'ಏ ಕಿಲ್ಲರ್, ಚಾ ಕುಡದ್ಯೇನು?' 'ಕಿಲ್ಲರ್ ಬಂದ, ಸರೀರೆಪಾ.' ತಮ್ಮ ಮೊದಮೊದಲು ನಗಲು ಪ್ರಯತ್ನಿಸಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇದೇ ಮಂದಿ ಅವನನ್ನು ಖೂನಿ ಎಂದು ಕರೆದಿದ್ದರೆ ನಾನು ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಿದ್ದೆ, ಅದು ಅವರಿಗೂ ಗೊತ್ತಿತ್ತು. ಖೂನಿ ಎಂದರೆ ಜಗಳ, ಕಿಲ್ಲರ್ ಎಂದರೆ ಚೇಷ್ಟೆ. ಇಂಗ್ಲಿಷಿನಲ್ಲಿ ಅಂದರೆ ಅಂದವನ ನಾಲಿಗೆ ಸುಡುವುದಿಲ್ಲ, ಕೇಳಿದವನು ಸಿಟ್ಟಾದರೆ ಅವನೇ ಸಣ್ಣ ಮನಸ್ಸಿನವನು. ಎಂಥ ಅನುಕೂಲ ನೋಡಿ.

ಹೆಸರು ತಮ್ಮನಿಂದ ಗಾಡಿಗೆ ದಾಟಿತು. ಸ್ಟ್ಯಾಂಡಿನಲ್ಲಿ ಗಾಡಿಗಳು ಪಾಳಿಯ ಪ್ರಕಾರ ಹೊರಡುತ್ತವೆ; ಯಾರ ಪಾಳಿಯೋ ಅವರ ಗಾಡಿ ತುಂಬಿದ ಮೇಲೆ ಮುಂದಿನದು. ತಮ್ಮನ ಪಾಳಿ ಬಂದರೆ ಜನ ಚಾದಂಗಡಿಯ ನೆರಳಿನಲ್ಲಿ ನಿಂತು ಹಿಂದಿನ ಗಾಡಿಗೆ ಕಾಯತೊಡಗಿದರು. ಕೂಗಿ ಕೂಗಿ ಜನರನ್ನು ಹತ್ತಿಸುವ ಏಜೆಂಟ, ತಮ್ಮನ ಪಾಳಿಯಲ್ಲಿ ಬಾಯಿ ಮುಚ್ಚಿ ತಂಬಾಕು ತಿಕ್ಕುತ್ತಿದ್ದ. ಕೊನೆಗೆ ಉಪಕಾರ ಮಾಡುವವನ ಹಾಗೆ, 'ನಿನ್ನ ಪಾಳಿ ಬ್ಯಾರೆದಾವ್ರಿಗೆ ಬಿಟ್ಟ ಕೊಡೋ ತಮ್ಮಾ, ನಿನಗೂ ತ್ರಾಸ ಇಲ್ಲ' ಅಂದನಂತೆ.

ಖಾಲಿ ಗಾಡಿಗೆ ಯಾರೂ ಮೊದಲು ಹತ್ತುವುದಿಲ್ಲ. ಅದಕ್ಕೇ ಡ್ರೈವರುಗಳು ಒಬ್ಬರ ಗಾಡಿಯಲ್ಲಿ ಒಬ್ಬರು ಪ್ಯಾಸೆಂಜರಿನಂತೆ ಕೂತು, ಇನ್ನೇನು ಹೊರಟಿತು ಎಂಬ ತೋರಿಕೆ ಮಾಡುತ್ತಾರೆ. ಗಾಡಿ ತುಂಬಿದ ಮೇಲೆ ಇಳಿದು ಹೋಗುತ್ತಾರೆ. ತಮ್ಮನ ಗಾಡಿಯಲ್ಲಿ ಹಾಗೆ ಕೂಡಲೂ ಯಾರೂ ಬರಲಿಲ್ಲ. ನನಗೆ ತಡೆಯಲಾಗಲಿಲ್ಲ. ದಿನಾ ಅಡುಗೆ ಮುಗಿಸಿ, ಒಂದು ಚೀಲ ಹಿಡಿದು, ಊರಿಗೆ ಹೊರಟವಳ ಹಾಗೆ ಹೋಗಿ ನಾನೇ ಕೂಡತೊಡಗಿದೆ. ಯಾರ ಕಣ್ಣಿಗೂ ಮಣ್ಣೆರಚಲು ಆಗಲಿಲ್ಲ. ಅಕ್ಕನೆಂದು ಇಡೀ ಸ್ಟ್ಯಾಂಡಿಗೆ ಗೊತ್ತು. ಬೆವರಿ, ಬೈದುಕೊಂಡು, ಮನೆಗೆ ಮರಳುತ್ತಿದ್ದೆ.

ಒಂದು ದಿನ ತಮ್ಮ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ ಹೇಳಿದ. 'ಅಕ್ಕಾ, ಮುಂಡಗೋಡದವ್ರು ರವಿವಾರ ಗಾಡಿ ನೋಡಾಕ ಬರ್ತಾರ. ಕೊಟ್ಟಬಿಡ್ತೇನಿ.'

'ಆಮ್ಯಾಲೆ ಏನ ಮಾಡ್ತಿ?'

ಗಾಡಿ ಬಿಟ್ಟರೆ ಅವನಿಗೆ ಬೇರೆ ಏನೂ ಬರುವುದಿಲ್ಲ, ಬೇರೆ ಏನೂ ಬೇಕಾಗಿಯೂ ಇರಲಿಲ್ಲ. ನನಗೆ ಅಳು ಬರುವ ಬದಲು ಸಿಟ್ಟು ಬಂತು.

ನಾವು ಹೀಗೆ ಕೂತಿದ್ದಾಗಲೇ ಒಬ್ಬ ಹೆಂಗಸು ಕೈಚೀಲ ಹಿಡಿದು ಗಾಡಿಯ ಕಡೆ ಬಂದಳು. ಸಾಂಬ್ರಾಣಿ ಕಡೆಯ ಸಿದ್ದಿ ಹೆಂಗಸು ಅವಳು, ಸತ್ತ ಹುಡುಗನ ತಾಯಿ. ಕೋರ್ಟಿನ ಅಂಗಳದಲ್ಲಿ ಅವಳನ್ನು ನೋಡಿದ್ದೆ. ಏಜೆಂಟನಿಗೆ ಗುರುತು ಸಿಗಲಿಲ್ಲ.

'ಮಾವಶಿ, ಅದರಾಗ ಹತ್ತಬ್ಯಾಡ್ರಿ. ಕಿಲ್ಲರ್ ಗಾಡಿ ಅದು. ಹಿಂದಿಂದಕ್ಕ ಬರ್ರಿ,' ಅಂದ.

ಅವಳು ನಿಂತಳು. 'ಕಿಲ್ಲರ್ ಅಂದ್ರೇನಪಾ?'

'ಇಂಗ್ಲಿಷ್ ಮಾತರಿ ಅದು. ಸುಮ್ನ ಚ್ಯಾಷ್ಟಿಗೆ ಅಂತೀವಿ.'

'ಚ್ಯಾಷ್ಟಿ ಇದ್ರ ನನಗೂ ಹೇಳು, ನಾನೂ ನಗತೇನಿ. ಕನ್ನಡದಾಗ ಹೇಳು.'

ದಿನವಿಡೀ ಗಂಟಲು ಹರಿಯುವಂತೆ ಊರ ಹೆಸರು ಕೂಗುವ ಆ ಮನುಷ್ಯನಿಗೆ ಒಂದು ಶಬ್ದ ಹೊರಡಲಿಲ್ಲ. ಚಾದಂಗಡಿಯ ಮುಂದೆ ನಿಂತಿದ್ದವರನ್ನು ನೋಡಿದ. ಅವರು ಕೈಯಲ್ಲಿನ ಲೋಟ ನೋಡಿಕೊಂಡರು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. 'ಖೂನಿ ಮಾಡಿದಾಂವ ಅಂತ ಅರ್ಥರಿ ಅಕ್ಕಾರ,' ಎಂದು ಒಳಗಿನಿಂದಲೇ ಹೇಳಿದೆ. 'ಅವಗ ಹೇಳಾಕ ನಾಚಿಕಿ ಬಂದೈತಿ.'

ಅವಳು ಏಜೆಂಟನ ಕಡೆಯೇ ನೋಡುತ್ತಿದ್ದಳು. 'ಯಾರ್ನ ಖೂನಿ ಮಾಡ್ಯಾನ?'

'ಯಾವದೋ ಹುಡುಗರಿ, ನಿಮ್ಮ ಸಾಂಬ್ರಾಣಿ ಕಡಿದ...'

'ಯಾವದೋ ಅಲ್ಲ. ನನ್ನ ಮಗ ಅಂವ.' ಅವಳು ದನಿ ಎತ್ತಲಿಲ್ಲ. 'ಕಡೀಗೆ ಅಂವ ನೀರು ಕುಡದದ್ದು ಇವನ ಕೈಲೆ. ಇವನ್ನ ಬೈಯೂ ಹಕ್ಕು ಇದ್ರ ನಂದು. ನಾ ಬೈದಿಲ್ಲ. ನೀ ಯಾಂವಪಾ?'

ಆ ನೀರಿನ ಸಂಗತಿ ನನಗೂ ಗೊತ್ತಿರಲಿಲ್ಲ. ತಮ್ಮ ಯಾವಾಗಲೋ ಅವಳ ಮನೆಗೆ ಹೋಗಿ ಹೇಳಿ ಬಂದಿದ್ದನಂತೆ, ನಮ್ಮ ಮನೆಯಲ್ಲಿ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಅವಳು ಮುಂದಿನ ಬಾಗಿಲು ತೆಗೆದು ಅವನ ಪಕ್ಕದ ಸೀಟಿನಲ್ಲಿ ಕೂತು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ತಮ್ಮ ಅವಳ ಮುಖ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ನೆರಳಿನಲ್ಲಿದ್ದವರು ಒಬ್ಬೊಬ್ಬರಾಗಿ ಬಂದು ಹತ್ತಿದರು. ನಾಚಿಕೆಯಿಂದ ಹತ್ತಿದರೋ, ಕೆಲಸಕ್ಕೆ ಹೊತ್ತಾಯಿತೆಂದು ಹತ್ತಿದರೋ, ಅವರವರಿಗೇ ಗೊತ್ತು. ಒಬ್ಬರೂ ತಪ್ಪಾಯಿತು ಅನ್ನಲಿಲ್ಲ. ನಾನು ಅವರನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಕೊನೆಗೆ ಮಗು ಎತ್ತಿಕೊಂಡ ಹೆಂಗಸೊಬ್ಬಳು ಕೂಡಲು ಜಾಗವಿಲ್ಲದೆ ಬಾಗಿಲಲ್ಲಿ ನಿಂತಳು. ತಮ್ಮ ಕನ್ನಡಿಯಲ್ಲಿ ಅವಳನ್ನು ನೋಡಿ ನನ್ನ ಕಡೆ ತಿರುಗಿದ.

'ಅಕ್ಕಾ, ನೀ ಇಳಿ. ಪ್ಯಾಸೆಂಜರಿಗೆ ಸೀಟ ಬೇಕು.'