ಆರು ಗಂಟೆ ಹತ್ತು ನಿಮಿಷಕ್ಕೆ ಮಾಯವಾದ ದಾವಣಗೆರೆ

ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ದಾವಣಗೆರೆ ಮಾಯವಾಯಿತು. ಊರು ಇದ್ದಲ್ಲೇ ಇದೆಯೆಂದು ಮರುದಿನದ ಪೇಪರು ನೋಡಿ ಖಾತ್ರಿ ಮಾಡಿಕೊಂಡೆ. ಮಾಯವಾದದ್ದು ಅಲ್ಲಿಂದ ನನ್ನ ರೇಡಿಯೋಗೆ ಬರುತ್ತಿದ್ದ ಬಸಣ್ಣನವರ ಧ್ವನಿ. ನಿವೃತ್ತ ಪೋಸ್ಟ್ ಮಾಸ್ತರರಾದ ಅವರು ಮಂಡಿನೋವಿಗೆ ಹಚ್ಚುವ ಎಣ್ಣೆಯ ಹೆಸರು ಹೇಳುತ್ತಿದ್ದರು. ಹೆಸರಿನ ಮೊದಲಕ್ಷರ ಕೇಳಿಸಿತು. ಉಳಿದದ್ದು ಹಗ್ಗ ಕಡಿದ ಬಿಂದಿಗೆಯಂತೆ ಕೆಳಕ್ಕೆ ಹೋಯಿತು. ಆ ಜಾಗದಲ್ಲಿ ಯಾವುದೋ ದೂರದೇಶದವನೊಬ್ಬ ನನಗೆ ತಿಳಿಯದ ಭಾಷೆಯಲ್ಲಿ ಗದರತೊಡಗಿದ.

ಇಷ್ಟಕ್ಕೆ ಯಾರಾದರೂ ನಿದ್ದೆ ಕೆಡಿಸಿಕೊಳ್ಳುತ್ತಾರೆಯೇ ಎಂದು ನೀವು ಕೇಳಬಹುದು. ಇಷ್ಟಕ್ಕೇ ಕೆಡಲಿಲ್ಲ. ಆದರೆ ಕೆಟ್ಟದ್ದೆಲ್ಲ ಶುರುವಾದದ್ದು ಆ ನಿಮಿಷದಿಂದ.

ನಾನು ಹವ್ಯಾಸಿ ರೇಡಿಯೋದವನು, ಎಂದರೆ ಮನೆಯಲ್ಲಿ ಕೂತು ಬಸಣ್ಣನವರಂಥ ಹವ್ಯಾಸಿಗಳ ಜೊತೆ ರೇಡಿಯೋದಲ್ಲೇ ಮಾತಾಡುವವನು. ಸರ್ಕಾರ ಪರೀಕ್ಷೆ ಮಾಡಿ ಪರವಾನಗಿ ಕೊಟ್ಟಿದೆ. ಕದ್ದುಮುಚ್ಚಿ ಮಾಡುವ ಕೆಲಸವಲ್ಲ. ಈ ಹವ್ಯಾಸದವರಲ್ಲೂ ಒಂದು ಮಡಿವಂತ ಪಂಗಡವಿದೆ: ಆದಷ್ಟು ಕಡಿಮೆ ಶಕ್ತಿಯಲ್ಲಿ ಆದಷ್ಟು ದೂರ ಮಾತಾಡುವವರು. ನಾನು ಅದರವನು. ನಾನೇ ಬೆಸುಗೆ ಹಾಕಿ ಕಟ್ಟಿದ ನನ್ನ ಪೆಟ್ಟಿಗೆಯ ಶಕ್ತಿ ಮೂರು ವ್ಯಾಟ್. ದೇವರ ಮನೆಯ ಜೀರೋ ಬಲ್ಬು ಕೂಡ ಅದಕ್ಕಿಂತ ಹೆಚ್ಚು ಕರೆಂಟು ತಿನ್ನುತ್ತದೆ. ನೂರು ವ್ಯಾಟಿನವರನ್ನು ನಾವು, ಪಕ್ಕದಲ್ಲಿ ಕೂತವನ ಜೊತೆಗೂ ಮೈಕಿನಲ್ಲಿ ಮಾತಾಡುವವನನ್ನು ನೋಡುವಂತೆ ನೋಡುತ್ತೇವೆ.

ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಮರುವರ್ಷ ನಾವು ಬೆಂಗಳೂರಿನ ಉತ್ತರದಂಚಿನ ಸಿಂಗಾಪುರ ಎಂಬ ಬಡಾವಣೆಗೆ ಬಾಡಿಗೆಗೆ ಬಂದೆವು. ಪಕ್ಕದ ಮೂರಂತಸ್ತಿನ ಕಟ್ಟಡ ಪಿಳ್ಳಪ್ಪನವರದು. ಊರು ಹಳ್ಳಿಯಾಗಿದ್ದ ಕಾಲದಿಂದ ಇದ್ದ ಮನೆತನ. ಹೊಲವೆಲ್ಲ ಸೈಟಾಗಿ, ಸೈಟೆಲ್ಲ ಬಾಡಿಗೆ ಮನೆಯಾದರೂ ಕೆಳಗಡೆ ಎರಡು ಹಸು ಕಟ್ಟಿದ್ದರು. ನನ್ನ ಏರಿಯಲ್ ಎಂದರೆ ಅರವತ್ತಾರು ಅಡಿ ಉದ್ದದ ತಾಮ್ರದ ತಂತಿ. ಅದರ ಒಂದು ತುದಿ ನಮ್ಮ ಮಾಳಿಗೆಯಲ್ಲಿ, ಇನ್ನೊಂದು ಅವರ ಮಾಳಿಗೆಯ ಪೈಪಿಗೆ. ಅನುಮತಿ ಕೇಳಲು ಹೋದ ದಿನ ನಡೆದ ಮಾತು ಇಷ್ಟು:

"ಟಿವಿಗಾ ಸಾ?"

"ಅಲ್ಲ, ದಾವಣಗೆರೆಯಲ್ಲಿ ಒಬ್ಬರ ಜೊತೆ ಮಾತಾಡೋದಕ್ಕೆ."

ಪಿಳ್ಳಪ್ಪನವರು ಜೇಬಿನಿಂದ ಮೊಬೈಲು ತೆಗೆದು ನನ್ನ ಮುಂದೆ ಹಿಡಿದರು. "ತಗಳಿ, ಮಾತಾಡಿ. ಅದ್ಕ್ಯಾಕ್ ಸಾ ತಂತಿ?"

ಅವರು ತಂತಿ ಕಟ್ಟಿಕೊಳ್ಳಲು ಬಿಟ್ಟರು, ಆದರೆ ಅಂದಿನಿಂದ ನನ್ನನ್ನು ನೋಡುವ ನೋಟದಲ್ಲಿ ಒಂದು ಕಣ್ಣು ಕಿರಿದಾಯಿತು.

ಯಶವಂತಪುರದ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ಮಾಲಿನ ಗುಣ ಪರೀಕ್ಷಿಸುವುದು. ಎಂದರೆ, ಸರಿಯಾಗಿ ಕಾಣುವುದನ್ನೆಲ್ಲ ಅನುಮಾನಿಸಲೆಂದೇ ನನಗೆ ಸಂಬಳ. ಇಂಥವನ ಸಂಜೆಯ ಸ್ನೇಹಿತ ದಿನವೂ ಕತ್ತಲಾಗುವ ಹೊತ್ತಿಗೆ ಮಾಯವಾಗತೊಡಗಿದರೆ ಸುಮ್ಮನಿರುವನೇ? ಕೆಲವು ವರ್ಷಗಳ ಹಿಂದೆ, ಹೆಬ್ಬಾಳದ ಮನೆಯಲ್ಲಿದ್ದಾಗ, ಬಸಣ್ಣ ರಾತ್ರಿ ಎಂಟರವರೆಗೂ ಸಿಗುತ್ತಿದ್ದರು. ಈಗ ಒಂದು ದಿನ ಆರೂ ಹತ್ತಕ್ಕೆ, ಒಂದು ದಿನ ಆರೂ ಇಪ್ಪತ್ತಕ್ಕೆ ಹೋಗುತ್ತಿದ್ದರು. ಒಮ್ಮೊಮ್ಮೆ ಬರುತ್ತಲೇ ಇರಲಿಲ್ಲ.

ಮೂರನೆಯ ಸಂಜೆ ಕಿಟಕಿಯಿಂದ ನೋಡಿದೆ. ಬಸಣ್ಣನವರ ಧ್ವನಿ ಕುಗ್ಗುತ್ತಿದ್ದ ಹೊತ್ತಿಗೆ ಸರಿಯಾಗಿ ಪಿಳ್ಳಪ್ಪನವರು ಅವರ ಮಾಳಿಗೆಯ ಮೇಲೆ ನನ್ನ ತಂತಿ ಕಟ್ಟಿದ ಪೈಪಿನ ಬಳಿ ಬಗ್ಗಿದ್ದರು.

ನಾವು ಪ್ರತಿ ಮಾತುಕತೆಯನ್ನೂ ಲಾಗ್ ಪುಸ್ತಕದಲ್ಲಿ ಬರೆದಿಡುತ್ತೇವೆ: ಹೊತ್ತು, ಯಾರು, ಎಷ್ಟು ಚೆನ್ನಾಗಿ ಕೇಳಿಸಿದರು ಎಂದು ಪರಸ್ಪರ ಹೇಳಿಕೊಂಡ ಅಂಕಿ. ಕೊನೆಯಲ್ಲಿ ಷರಾ ಎಂಬ ಖಾನೆ ಇರುತ್ತದೆ. ಹವಾಮಾನ ಬರೆಯಬೇಕಾದ ಆ ಜಾಗದಲ್ಲಿ ನಾನು 'ಪಿ. ಮೇಲೆ' ಎಂದು ಬರೆಯತೊಡಗಿದೆ. ಒಂದು ತಿಂಗಳಲ್ಲಿ ಯಾವ ನ್ಯಾಯಾಧೀಶರೂ ಒಪ್ಪಬಹುದಾದ ಪುರಾವೆ ಸಿದ್ಧವಾಯಿತು. ದಿನ ಉದ್ದವಾದಂತೆ ಧ್ವನಿ ಸಾಯುವ ಹೊತ್ತು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಯಿತು. ಪಿಳ್ಳಪ್ಪನವರು ಮೇಲೆ ಹೋಗುವ ಹೊತ್ತೂ ಅಷ್ಟಷ್ಟೇ ಸರಿಯಿತು. ಒಂದು ದಿನ ಅವರು ದೊಡ್ಡಬಳ್ಳಾಪುರಕ್ಕೆ ಮದುವೆಗೆ ಹೋಗಿದ್ದರು, ಆದರೂ ಧ್ವನಿ ಸತ್ತಿತು. ಯಾವ ವಿವೇಕಿಯ ಸಂಶಯವೂ ಅಲ್ಲಿಗೆ ಮುಗಿಯಬೇಕು. ನಾನು ಷರಾ ಖಾನೆಯಲ್ಲಿ 'ಪಿ. ಅವರ ಸೊಸೆ?' ಎಂದು ಬರೆದೆ.

ನನ್ನ ಹೆಂಡತಿ ಸುಮಿತ್ರೆಗೆ ಪುಸ್ತಕ ತೋರಿಸಿದೆ. ಓದಿದಳು.

"ನಿಮ್ಮ ತಂತಿಗೆ ಅವರೇನ್ ಮಾಡ್ತಾರೆ ಅಂತೀರಿ?"

"ಅದೇ ಗೊತ್ತಾಗ್ತಿಲ್ಲ."

"ಹೋಗಿ ಕೇಳಿ ಹಂಗಾದ್ರೆ."

"ಕೇಳಿದ್ರೆ ಹುಷಾರಾಗಿಬಿಡ್ತಾರೆ."

"ದೇವ್ರೇ, ಯಾರಿಂದ ಯಾರನ್ನ ಕಾಪಾಡ್ಲಿ," ಎಂದು ಅವಳು ಒಳಗೆ ಹೋದಳು.

ಕೇಳುವ ಬದಲು ನಾನು ತಂತಿಯನ್ನೇ ಅವರ ಮಾಳಿಗೆಯಿಂದ ತಪ್ಪಿಸಲು ನಿರ್ಧರಿಸಿದೆ. ನಮ್ಮ ಬೀದಿಯ ಆಚೆ, ಪಿಳ್ಳಪ್ಪನವರ ಗೇಟಿನ ಎದುರಿಗೆ ಖಾಲಿ ಸೈಟು, ಅದರಲ್ಲಿ ಒಂದು ಹೊಂಗೆ ಮರ. ಮಾರ್ಚಿಯ ಒಂದು ಭಾನುವಾರ ಬೆಳಿಗ್ಗೆ, ಪಿಳ್ಳಪ್ಪನವರು ಹಿಂಡಿ ತರಲು ಹೋದುದನ್ನು ನೋಡಿಕೊಂಡು ಕೆಲಸ ಶುರು ಮಾಡಿದೆ. ಕಲ್ಲು ಕಟ್ಟಿದ ನೈಲಾನ್ ಹಗ್ಗವನ್ನು ಮಾಳಿಗೆಯಿಂದ ಎಸೆದು ಹೊಂಗೆಯ ಕೊಂಬೆಗೆ ದಾಟಿಸಿದೆ. ಅವರ ಪೈಪಿನಿಂದ ಬಿಚ್ಚಿ ತಂದ ತಂತಿಯ ತುದಿಯನ್ನು ಹಗ್ಗದ ಈಚೆ ತುದಿಗೆ ಬಿಗಿದೆ. ಮರದ ಕೆಳಗೆ ಬಂದು ಹಗ್ಗ ಎಳೆಯತೊಡಗಿದೆ. ಬೀದಿಯ ಮೇಲೆ, ಕಂಬದಿಂದ ಕಂಬಕ್ಕೆ, ಕರೆಂಟಿನ ಬರಿ ತಂತಿಗಳು ಹಾದುಹೋಗಿದ್ದವು. ನನ್ನ ತಂತಿ ಅವುಗಳಿಗಿಂತ ಎಷ್ಟೋ ಮೇಲೆ ಬರುತ್ತಿತ್ತು. ಕರೆಂಟಿನ ತಂತಿಯ ಮೇಲಿಂದ ಏನನ್ನೂ ಎಳೆಯಬಾರದು ಎಂಬುದು ನಮ್ಮ ಹವ್ಯಾಸದ ಮೊದಲ ಪಾಠ. ಕಳ್ಳತನದ ಅವಸರದಲ್ಲಿರುವವನಿಗೆ ಪಾಠ ನೆನಪಿರುವುದಿಲ್ಲ.

ಅರ್ಧದಾರಿಯಲ್ಲಿ ಗಂಟು ಬಿಚ್ಚಿತು. ಹಗ್ಗ ಹಗುರಾಗಿ ನನ್ನ ಕೈಗೆ ಬಂತು. ತಂತಿ ಕರೆಂಟಿನ ತಂತಿಯ ಮೇಲೆ ಬಿದ್ದು, ಅದರ ತುದಿ ಪಿಳ್ಳಪ್ಪನವರ ಗೇಟಿನ ಮುಂದೆ ಎದೆಯೆತ್ತರಕ್ಕೆ ಇಳಿದು ತೂಗಾಡಿತು.

ಆಗಲೇ ಅವರ ಮೊಪೆಡ್ಡು ಬಂದು ನಿಂತಿತು. ಕೊಟ್ಟಿಗೆ ತೊಳೆದ ನೀರು ಗೇಟಿನ ಮುಂದೆಲ್ಲ ಹರಿದಿತ್ತು. ಅವರು ಚಪ್ಪಲಿ ಬಿಟ್ಟು, ದಾರಿಗಡ್ಡವಾಗಿದ್ದ ತಂತಿಯನ್ನು ಸರಿಸಲು ಕೈ ಚಾಚಿದರು.

ನಾನು ಕೂಗಬೇಕಿತ್ತು. ಬಾಯಿ ತೆರೆದೆ. ಮೂರು ವ್ಯಾಟಿನಲ್ಲಿ ದಾವಣಗೆರೆ ಮುಟ್ಟುವೆನೆಂದು ಬೀಗುತ್ತಿದ್ದವನಿಗೆ ಇಪ್ಪತ್ತು ಅಡಿಯ ಬೀದಿ ದಾಟುವಷ್ಟು ಧ್ವನಿ ಹೊರಡಲಿಲ್ಲ. ಅವರ ಕೈ ತಂತಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಅದ್ಯಾಕೋ ನಿಂತಿತು. ಆಮೇಲೆ ಹಿಂದಕ್ಕೆ ಹೋಯಿತು. ಅವರು ಎರಡು ಹೆಜ್ಜೆ ಹಿಂದೆ ಸರಿಯುವುದಕ್ಕೂ ಗಾಳಿಗೆ ಓಲಾಡಿದ ತುದಿ ಕಬ್ಬಿಣದ ಗೇಟಿಗೆ ತಾಕುವುದಕ್ಕೂ ಸರಿಹೋಯಿತು. ನೀಲಿ ಕಿಡಿ ಸಿಡಿದು ಇಡೀ ಬೀದಿಯ ಕರೆಂಟು ಹೋಯಿತು.

ಲೈನ್‌ಮನ್ ಬಂದು ತಂತಿ ತೆಗೆದು ನನಗೆ ಸಹಸ್ರನಾಮ ಓದಿದ. ಬೀದಿಯವರೆಲ್ಲ, ಪಾಪ, ಗಂಟು ಬಿಚ್ಚಿಕೊಂಡಿದೆ, ಯಾರಿಗೂ ಏನೂ ಆಗಲಿಲ್ಲವಲ್ಲ ಎಂದರು. ತಂತಿ ಅಲ್ಲಿಗೆ ಯಾಕೆ ಬಂತೆಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಬಸಣ್ಣನವರಿಗೆ ಫೋನು ಮಾಡಿ, ಹೌದು, ಫೋನೇ, ಇನ್ನು ಕೆಲವು ದಿನ ಸಿಗುವುದಿಲ್ಲ ಎಂದೆ. ನನ್ನ ಸಂಶಯ ಕೇಳಿ ಅವರು ನಕ್ಕರು. "ಸಂಜಿ ಆದ ಮ್ಯಾಲೆ ನನಗೆ ಬೆಂಗಳೂರಾಗಿನ ಒಬ್ರೂ ಸಿಗವಲ್ರು. ಈ ವರ್ಷ ಸೂರ್ಯನ ಮಾರಿ ಮ್ಯಾಲೆ ಒಂದು ಕಲೆ ಇಲ್ರೀ. ಪರೀಕ್ಷಾದಾಗ ಬರದಿದ್ರಲ್ಲ, ಮರ್ತ್ರೇನು?"

ಬರೆದಿದ್ದೆ, ಅಂಕವನ್ನೂ ಪಡೆದಿದ್ದೆ. ನಮ್ಮ ಧ್ವನಿಯನ್ನು ತಿರುಗಿಸಿ ನೆಲಕ್ಕೆ ಕಳಿಸುವ ಪದರವೊಂದು ಆಕಾಶದಲ್ಲಿದೆ. ಬಿಸಿಲು ಅದನ್ನು ದಪ್ಪಗೆ ಇಡುತ್ತದೆ, ಸಂಜೆ ಅದು ತೆಳ್ಳಗಾಗುತ್ತದೆ. ಸೂರ್ಯನ ಮೇಲೆ ಕಲೆಗಳಿಲ್ಲದ ವರ್ಷಗಳಲ್ಲಿ ಇನ್ನೂ ಬೇಗ ತೆಳ್ಳಗಾಗುತ್ತದೆ. ಆಗ ಹತ್ತಿರದ ಊರಿಗೆಂದು ನೆಟ್ಟಗೆ ಮೇಲೆ ಹೋದ ಧ್ವನಿ ಹಾಗೇ ಹೊರಟುಹೋಗುತ್ತದೆ; ಓರೆಯಾಗಿ ಬರುವ ದೂರದವರು ಮಾತ್ರ ಕೇಳುತ್ತಾರೆ. ಒಂದು ದಿನದಂತೆ ಇನ್ನೊಂದು ದಿನ ಇರುವುದಿಲ್ಲ. ಪಿಳ್ಳಪ್ಪನವರಾದರೋ ಇಬ್ಬನಿ ಬೀಳುವ ಮುಂಚೆ ಮಾಳಿಗೆಯಲ್ಲಿ ಒಣಗಿಸಿದ್ದನ್ನು ಕೆಳಗಿಳಿಸಲು ಹೋಗುತ್ತಿದ್ದರು: ಜನವರಿಯಲ್ಲಿ ರಾಗಿ, ಮಾರ್ಚಿಯಲ್ಲಿ ಹುಣಸೆಹಣ್ಣು. ಅವರನ್ನು ಮೇಲೆ ಕಳಿಸುತ್ತಿದ್ದವನೂ ಬಸಣ್ಣನವರನ್ನು ಕರೆದೊಯ್ಯುತ್ತಿದ್ದವನೂ ಒಬ್ಬನೇ ಸೂರ್ಯ. ಅವನೊಬ್ಬನ ಹೆಸರು ನನ್ನ ಷರಾ ಖಾನೆಯಲ್ಲಿ ಎಲ್ಲೂ ಇರಲಿಲ್ಲ.

ತಿಳಿದರೆ ನಿದ್ದೆ ಬರಬೇಕಿತ್ತು. ಇದ್ದದ್ದೂ ಹೋಯಿತು. ಕಣ್ಣು ಮುಚ್ಚಿದರೆ ಆ ಕೈ ಚಾಚುತ್ತಿತ್ತು. ಗೇಣಿನ ದೂರದಲ್ಲಿ ಒಮ್ಮೆ ನಿಲ್ಲುತ್ತಿತ್ತು, ಒಮ್ಮೆ ನಿಲ್ಲುತ್ತಿರಲಿಲ್ಲ. ನಿಲ್ಲದಿದ್ದರೆ ನಾನು, ಏನೂ ಮಾಡದ ಮನುಷ್ಯನೊಬ್ಬನನ್ನು ಕೊಂದವನು. ನಿಂತದ್ದು ಯಾಕೆ? ಇದನ್ನು ಕೇಳಬೇಕಾದರೆ ಮೊದಲು ನನ್ನದನ್ನು ಹೇಳಬೇಕಿತ್ತು.

ಮೂರು ವಾರ ಹೀಗೆ ಹೊರಳಾಡಿ, ಯುಗಾದಿಯ ಮರುದಿನ, ಬಾಡೂಟದ ಹೊಸತೊಡಕಿನ ಮಧ್ಯಾಹ್ನ, ಬೀದಿಗೆಲ್ಲ ಮಸಾಲೆಯ ವಾಸನೆ ಹಬ್ಬಿರುವಾಗ ಲಾಗ್ ಪುಸ್ತಕ ಹಿಡಿದು ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಮೊದಲ ಪುಟದಿಂದ ಓದಿದೆ.

"ಪಿ. ಅಂದ್ರೆ ನಾನಾ?"

"ಹೌದು."

"ನಾನ್ ದಿನಾ ಮ್ಯಾಕೆ ಓಗಿದ್ದನ್ನ ಬರ್ದವ್ರೆ ನೋಡಮ್ಮಿ!" ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿ ನಕ್ಕರು. ಸೊಸೆಯ ಪುಟ ಬಂದಾಗ ನಗು ನಿಂತಿತು. ಪೂರ್ತಿ ಮುಗಿದ ಮೇಲೆ ಗೇಟಿನ ಕಡೆ ತಿರುಗಿದರು.

"ಅಂಗಾರೆ ನನ್ ಮ್ಯಾಲೆ ಅನ್ಮಾನ ಪಟ್ಟು ಆ ತಂತಿ ಎಳೆದ್ರಿ."

"ಹೌದು. ತಪ್ಪಾಯ್ತು. ನೀವು ಹೋಗಿಬಿಡ್ತಿದ್ರಿ."

"ಓಗ್ತಿದ್ದೆ." ಅದನ್ನು ಅವರು ಮೆತ್ತಗೆ ಹೇಳಲಿಲ್ಲ. "ಬ್ಯಾರೆ ಯಾರ್ ತಂತಿಯಾಗಿದ್ರೂ ಇಡ್ಕಂಡ್ ಬುಡ್ತಿದ್ದೆ ಸಾ. ಇದು ಆ ರೇಡಿಯಾದವ್ರ್ದು, ಇದ್ರಾಗೆ ಏನೋ ಐತೆ ಅಂತ ಕೈ ಇಂದಕ್ ತಗಂಡೆ. ನಿಮ್ ಮ್ಯಾಲೆ ನಂಗೂ ಬೋ ಅನ್ಮಾನ. ಮ್ಯಾಲೆ ಏರೋಪ್ಲೇನ್ ಸುತ್ತಾಡ್ತವೆ, ಕೆಳಗೆ ನೀವು ಸಂಜೆ ಸಂಜೆ ನಂಬರ್ ಏಳ್ತೀರಿ. ಸ್ಟೇಸನ್‌ಗೂ ಓಗಿದ್ದೆ."

"ಏನಂದ್ರು?"

"ಬರ್ದು ಕೊಡು ಅಂದ್ರು. ನಂಗೆಲ್ಲಿ ಬರ್ಯಾಕ್ ಬತ್ತದೆ? ಬಂದ್ಬುಟ್ಟೆ." ಪುಸ್ತಕದ ಕಡೆ ಕೈ ತೋರಿಸಿದರು. "ಓದ್ದೋರಿಗೆ ಕೆಲ್ಸ ಜಾಸ್ತಿ ಸಾ."

ಅವರ ಹೆಂಡತಿ ಎರಡು ತಟ್ಟೆ ತಂದಿಟ್ಟರು. ಇಬ್ಬರೂ ತಿಂದೆವು. ಕ್ಷಮಿಸಿದರೋ ಇಲ್ಲವೋ ನಾನು ಕೇಳಲಿಲ್ಲ. ಬರುವಾಗ, "ನಿಮ್ಮೋರ್ಗೂ ಒಂದ್ ಡಬ್ಬಿ ತಗಂಡೋಗಿ," ಎಂದರು.

ಅವತ್ತು ಮಲಗಿದ್ದು ಗೊತ್ತು, ಬೆಳಗಾದದ್ದು ಗೊತ್ತು. ನಡುವೆ ಏನೂ ಇಲ್ಲ. ಎದ್ದು ಕೂತು, ಮೂರು ವಾರದ ಮೇಲೆ ಒಂದೇ ನಿದ್ದೆ ಮಾಡಿದೆನೆಂದು ಸುಮಿತ್ರೆಗೆ ಹೇಳೋಣವೆಂದು ತಿರುಗಿದರೆ ಅವಳ ಕಣ್ಣುಗಳು ಕೆಂಪಗಿದ್ದವು.

"ನಾನು ಮಲಗ್ಲೇ ಇಲ್ಲ," ಎಂದಳು. "ಒಂದ್ ಸಲನೂ ಹೊರಳ್ಲಿಲ್ಲ ನೀವು. ಅನುಮಾನ ಬಂದು ಮೂರು ಸಲ ಮೂಗಿನ ಹತ್ರ ಕೈ ಇಟ್ಟು ನೋಡ್ದೆ."