ಮಂಕಿಯ ಹಿತ್ತಿಲಿನ ಮೂರು ಕಸಿ ಗಿಡ

ನನ್ನ ಮೂರು ಮಾವಿನ ಗಿಡಗಳನ್ನು ಯಾರು ಕೊಂದರು ಎಂದು ನನಗೆ ಗೊತ್ತು, ಕಣ್ಣಾರೆ ಕಂಡಿದ್ದೇನೆ. ಊರಿನ ಬಾಯಲ್ಲಿ ಮಾತ್ರ ಕೊಂದವಳು ನಾನು. ಅರವತ್ತರ ದಶಕದ ಮೊದಲ ವರ್ಷಗಳ ಮಾತಿದು.

ನನ್ನ ತವರು ಕುಮಟಾದ ಹತ್ತಿರ, ರಸ್ತೆಗೆ ತಾಗಿದ ಮನೆ. ಅಂಗಳದ ತುದಿಯಲ್ಲಿ ಒಂದು ಮಾವಿನ ಮರವಿತ್ತು. ಅದರ ಹಣ್ಣಿಗೆ ಹೆಸರಿರಲಿಲ್ಲ, ಅಂಥ ಹಣ್ಣು ಬೇರೆಲ್ಲೂ ಇರಲೂ ಇಲ್ಲ. ತೆಳು ಸಿಪ್ಪೆ, ನಾರೇ ಇಲ್ಲದ ತಿರುಳು. ರಸ್ತೆ ಅಗಲ ಮಾಡುವವರು ಬಂದು ಮರಕ್ಕೆ ಗುರುತು ಹಾಕಿ ಹೋದಾಗ ಅಪ್ಪ ಎರಡು ದಿನ ಊಟ ಬಿಟ್ಟ. ಆಮೇಲೆ ಎದ್ದು ಕಾಟುಮಾವಿನ, ಅಂದರೆ ಕಾಡುಮಾವಿನ, ಸಸಿಗಳನ್ನು ಕುಂಡದಲ್ಲಿಟ್ಟು, ಮರದ ಟೊಂಗೆಗಳಿಗೆ ತಾಗಿಸಿ ಕಟ್ಟಿ ಕಸಿ ಮಾಡಿದ. ಹತ್ತು ಕಟ್ಟಿದ್ದರಲ್ಲಿ ಮೂರು ಹಿಡಿದವು. ಮರ ಹೋಯಿತು, ಜಾಗವೂ ರಸ್ತೆಗೆ ಹೋಯಿತು. ಆ ಮೂರು ಗಿಡಗಳನ್ನು ಅಪ್ಪ ತಾನೇ ಹೊತ್ತು ಮಂಕಿ ಊರಿನ ನನ್ನ ಗಂಡನ ಮನೆಗೆ ತಂದು ಹಿತ್ತಿಲಲ್ಲಿ ನೆಟ್ಟ. "ನಿನ್ನ ಕೈಯಲ್ಲಿ ಕೊಡ್ತೆ. ಇವು ಹೋದ್ರೆ ಆ ಮರ ಇತ್ತು ಹೇಳುಕೂ ಎಂತದೂ ಉಳುದಿಲ್ಲ" ಎಂದ.

ಸಾಕುವ ಕ್ರಮವನ್ನೂ ಅವನೇ ಕಲಿಸಿದ. ಎಳೆ ಗಿಡಕ್ಕೆ ಮೊದಲು ಕಣ್ಣು, ಆಮೇಲೆ ಕೈ, ಔಷಧಿ ಎಲ್ಲಕ್ಕಿಂತ ಕೊನೆಗೆ. ಕಸಿಯ ಗಂಟಿಗೆ ಮಣ್ಣು ತಾಗಬಾರದು. ಎಲೆಯ ಮೇಲೆ ಕಪ್ಪು ಚುಕ್ಕೆ ಕಂಡರೆ ಅಂದೇ ಚಿವುಟಬೇಕು. ತುದಿ ಒಣಗಿದರೆ ಎರಡು ಬೆರಳು ಹಸಿರನ್ನೂ ಸೇರಿಸಿ ಕತ್ತರಿಸಿ ಬಚ್ಚಲ ಒಲೆಗೆ ಹಾಕಬೇಕು, ಕತ್ತಿಯನ್ನು ಬೆಂಕಿಗೆ ಹಿಡಿದ ಮೇಲೆಯೇ ಇನ್ನೊಂದು ಗಿಡಕ್ಕೆ ಹೋಗಬೇಕು. ವರ್ಷಕ್ಕೆ ಒಂದೇ ಸಲ, ಮಳೆ ಹಿಡಿಯುವ ಮುಂಚೆ, ಎಲೆ ಬಲಿತದ್ದು ನೋಡಿಕೊಂಡು ಮೈಲುತುತ್ತ ಮತ್ತು ಸುಣ್ಣದ ನೀರು. ಅದನ್ನು ಮಣ್ಣಿನ ಮಡಕೆಯಲ್ಲೇ ಕಲಸಬೇಕು. ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡಬೇಕು. ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತಿತೋ, ಸುಣ್ಣ ಸಾಲದು, ಹೊಡೆದರೆ ಎಲೆ ಸುಡುತ್ತದೆ. ಎರಡು ವರ್ಷ ಹೀಗೇ ಸಾಕಿದೆ. ಗಿಡಗಳು ನನ್ನ ಎದೆಮಟ್ಟಕ್ಕೆ ಬಂದವು.

ಆದರೆ ತಿಂಗಳಿಗೆ ಮೂರು ದಿನ ಅವು ನನ್ನವಲ್ಲ. ಹೊರಗಾದ ಹೆಂಗಸು ಗಿಡ ಮುಟ್ಟಬಾರದು. ತುಳಸಿಯಿರಲಿ, ವೀಳ್ಯದ ಬಳ್ಳಿಯಿರಲಿ, ಹೀರೆಯ ಚಪ್ಪರವಿರಲಿ, ಮುಟ್ಟಿದರೆ ಒಣಗುತ್ತದಂತೆ. ಹಿಂದಿನ ಜಗಲಿಯ ಮೂಲೆಯಲ್ಲಿ ನನಗೆ ಒಂದು ಚಾಪೆ, ಒಂದು ತಟ್ಟೆ, ಒಂದು ತಂಬಿಗೆ. ಉಳಿದ ದಿನ ಗೊಬ್ಬರ ಹೊರುವುದಕ್ಕೆ ಇದೇ ಕೈ ಬೇಕಿತ್ತು, ಆಗ ಯಾರಿಗೂ ಏನೂ ಅನಿಸುತ್ತಿರಲಿಲ್ಲ. ನಾನೂ ಪಾಲಿಸುತ್ತಿದ್ದೆ. ಪಾಲಿಸದೆ ಎಲ್ಲಿಗೆ ಹೋಗಲಿ?

ಮೂರನೆಯ ವರ್ಷ, ಚೌತಿ ಕಳೆದು ತಿಂಗಳಾಗಿತ್ತು. ಜಿಟಿಜಿಟಿ ಮಳೆ, ನಡುವೆ ಸುಡುವ ಬಿಸಿಲು. ಮೂರೂ ಗಿಡ ಕೆಂಪು ಚಿಗುರು ಬಿಟ್ಟಿದ್ದವು. ನಾನು ಹೊರಗಾದ ದಿನವೇ ಬೆಳಿಗ್ಗೆ ಜಗಲಿಯಿಂದ ನೋಡುತ್ತೇನೆ, ಚಿಗುರಿನ ಮೇಲೆ ಕಪ್ಪು ಚುಕ್ಕೆ! ಐದಾರು ಎಲೆ ಅಷ್ಟೇ, ಚಿವುಟಿದರೆ ಮುಗಿಯುವ ಕೆಲಸ. "ಅತ್ತೇ, ಆ ಚುಕ್ಕೆ ಬಿದ್ದ ಎಲೆಯಷ್ಟು ಚಿವುಟಿ ಒಲೆಗೆ ಹಾಕಿ" ಎಂದೆ. ಅತ್ತೆ ನೋಡಿ ಗಾಬರಿಯಾಗಿ ಬಾವನನ್ನು ಕರೆದರು.

ಬಾವ ಎಂದರೆ ನನ್ನ ಗಂಡನ ಅಣ್ಣ. ಮಳೆಗಾಲವಿಡೀ ಘಟ್ಟದ ಮೇಲೆ ಅಡಿಕೆ ಕೊನೆಗಳಿಗೆ ಔಷಧಿ ಹೊಡೆಯುವ ಕೂಲಿ ಮಾಡಿ ಆಗಷ್ಟೇ ಇಳಿದು ಬಂದಿದ್ದರು. ಜೊತೆಗೆ ಕೈಪಂಪು, ಉಳಿದ ಮೈಲುತುತ್ತ. ಊರಿಗೆಲ್ಲ ಅವರೇ ಗಿಡದ ಡಾಕ್ಟರು. "ಇವತ್ತು ಐದು ಎಲೆ, ನಾಳೆ ಐವತ್ತು. ಚಿವುಟುದು ಎಂತಕೆ? ಹೊಡ್ದ್ರೆ ಆತು" ಎಂದರು. ಚೌತಿಗೆ ಗೋಡೆ ಬಳಿದು ಉಳಿದಿದ್ದ ಚಿಪ್ಪಿ ಸುಣ್ಣದ ಡಬ್ಬಿ ತಂದರು. ತಿಂಗಳಿಡೀ ಬಾಯಿ ತೆರೆದು ತೇವದ ಗಾಳಿಗೆ ಕೂತ ಸುಣ್ಣ, ಅದರಲ್ಲಿ ಜೀವವೇ ಇರಲಿಲ್ಲ. ಮೈಲುತುತ್ತವನ್ನು ಮಾತ್ರ ಅಡಿಕೆಯ ಅಂದಾಜಿನಲ್ಲೇ ಸುರಿದರು. ಮಡಕೆಯ ನೀರು ಕಣ್ಣು ಕುಕ್ಕುವಂಥ ನೀಲಿಯಾಯಿತು.

ಆ ಮನೆಯಲ್ಲಿ ತಮ್ಮನ ಹೆಂಡತಿ ಬಾವನ ಎದುರು ಬಾಯಿ ತೆರೆಯುವ ಕ್ರಮವಿರಲಿಲ್ಲ. ಹೇಳುವುದಿದ್ದರೆ ಗಂಡನ ಮೂಲಕವೇ ಹೇಳಬೇಕು. ನನ್ನ ಗಂಡ ಅಲ್ಲೇ ಹಗ್ಗ ಹೊಸೆಯುತ್ತ ಕೂತಿದ್ದರು. "ಕತ್ತಿ ಅದ್ದಿ ನೋಡುಕೆ ಹೇಳಿ, ಸುಣ್ಣ ಸಾಲುದಿಲ್ಲ" ಎಂದು ಪಿಸುಗುಟ್ಟಿದೆ.

"ಅಣ್ಣಂಗೆ ನಾ ಹೇಳುದು ಹ್ಯಾಂಗೆ, ಮಾರಾಯ್ತಿ?" ಎಂದು ತಲೆ ತಗ್ಗಿಸಿದರು.

ಬಾವ ಪಂಪು ಎತ್ತಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದೆ: "ಬಾವಾ, ಹೊಡಿಬೇಡಿ! ಎಳೆ ಚಿಗುರು ಸುಟ್ಟುಹೋಗ್ತದೆ!"

ಬಾವ ನನ್ನ ಕಡೆ ನೋಡಲೂ ಇಲ್ಲ. ಅತ್ತೆಯತ್ತ ತಿರುಗಿ, "ಕೇಳ್ದ್ಯ ಆಯಿ? ಹೊರಗೆ ಕೂತವ್ಳು ನಂಗೆ ಔಷಧಿ ಕಲಿಸ್ತಾಳೆ" ಎಂದರು. ಆಮೇಲೆ ಎಲೆಗಳಿಂದ ತೊಟ್ಟಿಕ್ಕುವಷ್ಟು ಹೊಡೆದರು. ನಾನು ಕೂಗಿದ್ದಕ್ಕೆ ಇನ್ನೊಂದು ಸುತ್ತು ಹೊಡೆದರು.

ಜಗಲಿಗೆ ಇದ್ದದ್ದು ನಾಲ್ಕು ಮೆಟ್ಟಿಲು. ಇಳಿದು ಹೋಗಿ ಆ ಮಡಕೆಯನ್ನು ಒದ್ದು ಉರುಳಿಸಬಹುದಿತ್ತು. ಥೂ ನನ್ನ ಜನ್ಮಕ್ಕೆ, ಸುಮ್ಮನೆ ಕೂತೆ! ಕೂತಲ್ಲೇ ಚಿಗುರು ಅಂಚಿನಿಂದ ಕಂದುವುದನ್ನು, ಕಪ್ಪಾಗಿ ಮುದುಡುವುದನ್ನು ನೋಡಿದೆ. ನಾಲ್ಕನೆಯ ದಿನ ಮಿಂದು ಒದ್ದೆ ಕೂದಲಲ್ಲೇ ಓಡಿದೆ. ಅಷ್ಟರಲ್ಲಿ ಸುಟ್ಟ ತುದಿಗಳಿಂದ ರೋಗ ಒಳಗಿಳಿದಿತ್ತು. ವಾರ ವಾರ ಕತ್ತರಿಸುತ್ತ ಹೋದೆ, ಒಣಗು ನನಗಿಂತ ಮುಂದೆ ಇಳಿಯುತ್ತ ಹೋಯಿತು. ತುಳಸಿ ಮದುವೆಯ ಹೊತ್ತಿಗೆ ಮೂರರಲ್ಲೂ ಕಸಿಯ ಗಂಟಿನ ಮೇಲೆ ಏನೂ ಉಳಿದಿರಲಿಲ್ಲ. ಆಮೇಲೆ ಗಂಟಿನ ಕೆಳಗಿನಿಂದ ಕಾಟುಮಾವು ಸೊಂಪಾಗಿ ಚಿಗುರಿತು.

ಅತ್ತೆ ಬಾವಿಕಟ್ಟೆಯಲ್ಲಿ ತೀರ್ಪು ಕೊಟ್ಟರು: "ಹೊರಗಿದ್ದವ್ಳು ಎದ್ದು ನಿಂತು ಗಿಡ ನೋಡಿ ಕೂಗಿದ್ಲು. ಅಷ್ಟೇ ಆದದ್ದೋ, ಮುಟ್ಟಿದ್ಲೋ, ಯಾರಿಗೆ ಗೊತ್ತು?" ನೀರಿಗೆ ಬಂದವರೆಲ್ಲ ಹೌದೆಂದು ತಲೆಯಾಡಿಸಿದರು. ಬಾವನ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಮರುವರ್ಷವೂ ಘಟ್ಟದವರು ಅವರನ್ನೇ ಕರೆದರು.

ಅಪ್ಪನಿಗೆ ಹೇಳಲು ನಾನೇ ಹೋದೆ. ಹೊನ್ನಾವರದಲ್ಲಿ ಹೊಳೆ ದಾಟುವಾಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಮಂಕಿಯವರು ಏನಾದರೂ ಅನ್ನಲಿ, ಅಪ್ಪ ಬೈಯಬಹುದು, ಅಳಬಹುದು, ಆದರೆ ಅವನಿಗೆ ತಿಳಿಯುತ್ತದೆ. ಜೀವವಿಲ್ಲದ ಸುಣ್ಣ, ಎಳೆ ಎಲೆ, ಆ ಕೆಟ್ಟ ನೀಲಿ, ಒಂದನ್ನೂ ಬಿಡದೆ ಹೇಳಿದೆ. ಅಪ್ಪ ಕೊನೆಯವರೆಗೂ ಕೇಳಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ:

"ಖರೆ ಹೇಳು ಮಗಾ. ಆ ಮೂರು ದಿನದಲ್ಲಿ ನೀ ಗಿಡ ಮುಟ್ಟಿದ್ಯ?"

"ಮುಟ್ಟಲಿಲ್ಲ ಅಪ್ಪಾ," ಎಂದೆ. "ಅದಕ್ಕೇ ಸತ್ತುಹೋದ್ವು."

ಅಪ್ಪ ನಂಬಲಿಲ್ಲ. ಸಾಯುವವರೆಗೂ ನಂಬಲಿಲ್ಲ.